ಮುಯ್ಯಿ, ಕೀರ್ತಿ ಮತ್ತು ಕಳೆದುಹೋದ ಒಂದು ‘ಇ’: ಮ್‌ಸ್ತಿಸ್ಲಾವ್ ಎಂಬ ಹೆಸರಿನ ಒಳಗೆ

ಮೊದಲ ಸ್ವರ ಕಿವಿಗೆ ಬೀಳುವ ಮುನ್ನವೇ ಮ್, ಸ್, ತ್ ಎಂಬ ಮೂರು ವ್ಯಂಜನಗಳು ಒಂದರ ಬೆನ್ನಿಗೊಂದು ಬರಬೇಕು. ಹಾಗಾಗಿ ಮ್‌ಸ್ತಿಸ್ಲಾವ್ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯಹೊರಟವರು ಮಸ್ತಿಸ್ಲಾವ್, ಮಿಸ್ಟಿಸ್ಲಾವ್, ಎಂಸ್ಟಿಸ್ಲಾವ್ ಎಂದು ತೋಚಿದಂತೆ ಬರೆದು ಮುಂದೆ ಹೋಗುವುದುಂಟು. ಚೆಲ್ಲೊ ವಾದಕ ರೊಸ್ತ್ರೊಪೊವಿಚ್ (1927–2007), ಸೋವಿಯತ್ ಬಾಹ್ಯಾಕಾಶ ಯೋಜನೆಯ ಹಿಂದಿದ್ದ ಗಣಿತಜ್ಞ ಕೆಲ್ದಿಶ್ (1911–1978), ಸಾಕ್ಷ್ಯಚಿತ್ರಕ್ಕಾಗಿ 2024ರಲ್ಲಿ ಆಸ್ಕರ್ ಪಡೆದ ಉಕ್ರೇನಿನ ಪತ್ರಕರ್ತ ಚೆರ್ನೋವ್, ಈ ಮೂವರ ಹೆಸರೂ ಇದೇ. ಆದರೂ ಇದು ಅಪರೂಪದ ಹೆಸರು. ಮಾಸ್ಕೋದ ಬೀದಿಯಲ್ಲಿ ‘ವ್ಲಾದಿಮಿರ್’ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡಿಯಾರು. ‘ಮ್‌ಸ್ತಿಸ್ಲಾವ್’ ಎಂದರೆ ಒಬ್ಬ ತಿರುಗಿದರೂ ಹೆಚ್ಚು.

ಹೆಸರಿನ ಪಟ್ಟಿಗಳಲ್ಲಿ ಇದರ ಅರ್ಥ ಒಂದೇ ಸಾಲಿನಲ್ಲಿ ಸಿಗುತ್ತದೆ: ‘ಸೇಡು’ ಮತ್ತು ‘ಕೀರ್ತಿ’. ತಪ್ಪೇನಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ, ಯಾವ ತಾಯಿತಂದೆ ತೊಟ್ಟಿಲಲ್ಲಿರುವ ಕೂಸಿಗೆ ಸೇಡು ಎಂದು ಹೆಸರಿಟ್ಟಾರು ಎಂಬ ಸಹಜ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದರೆ ಹೆಸರನ್ನು ಸರಿಯಾದ ಜಾಗದಲ್ಲಿ ಒಡೆಯಬೇಕು. ಒಡೆದ ತುಂಡುಗಳು ಸಾವಿರ ವರ್ಷದ ಹಿಂದೆ ಯಾವ ಅರ್ಥದಲ್ಲಿ ಬಳಕೆಯಲ್ಲಿದ್ದವು ಎಂದೂ ನೋಡಬೇಕು.

ಎಲ್ಲಿ ಒಡೆಯಬೇಕು

ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್ ಮುಂತಾದ ಭಾಷೆಗಳ ಬಳಗಕ್ಕೆ ಸ್ಲಾವಿಕ್ ಎಂದು ಹೆಸರು. ಹಳೆಯ ಸ್ಲಾವಿಕ್ ಹೆಸರುಗಳಲ್ಲಿ ದೊಡ್ಡ ಗುಂಪು ಎರಡು ಪದ ಸೇರಿ ಆದದ್ದು. ಒಡೆಯುವಾಗ ಹಿಂದಿನಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಉತ್ತರಪದಗಳ ಸಂಖ್ಯೆ ಕಡಿಮೆ: ಸ್ಲಾವ್, ಮಿರ್, ಪೊಲ್ಕ್, ವೊಲೊದ್, ಬೊರ್, ವೊಯ್ ಹೀಗೆ ಕೆಲವು. ಮ್‌ಸ್ತಿಸ್ಲಾವ್‌ನಿಂದ ‘ಸ್ಲಾವ್’ ತೆಗೆದರೆ ಉಳಿಯುವುದು ‘ಮ್‌ಸ್ತಿ’.

ಈಗ ನೋಡಬೇಕಾದದ್ದು ಎರಡೂ ಪದ ಕೂಡುವ ಕೀಲಿನಲ್ಲಿರುವ ಸ್ವರವನ್ನು. ಅಲ್ಲಿ ‘ಒ’ ಇದ್ದರೆ ಪೂರ್ವಪದ ಸಾಮಾನ್ಯವಾಗಿ ನಾಮಪದ ಅಥವಾ ಗುಣವಾಚಕ: ಸ್ವ್ಯಾತೊ-ಸ್ಲಾವ್, ಯಾರೊ-ಸ್ಲಾವ್. ‘ಇ’ ಇದ್ದರೆ ಅದು ಹೆಚ್ಚಾಗಿ ಕ್ರಿಯಾಪದ: ವ್ಲಾದಿ-ಸ್ಲಾವ್‌ನಲ್ಲಿ ‘ಆಳು’, ರೊಸ್ತಿ-ಸ್ಲಾವ್‌ನಲ್ಲಿ ‘ಬೆಳೆ’, ಮ್‌ಸ್ತಿ-ಸ್ಲಾವ್‌ನಲ್ಲಿ ‘ಸೇಡು ತೀರಿಸು’. ನಿಯಮಕ್ಕೆ ಹೊರತಾದವೂ ಇವೆ. ಇಜ್ಯಾ-ಸ್ಲಾವ್‌ನ ಪೂರ್ವಪದ ‘ತೆಗೆದುಕೊ, ಗಳಿಸು’ ಎಂಬ ಕ್ರಿಯಾಪದವಾದರೂ ಅಲ್ಲಿ ‘ಇ’ ಇಲ್ಲ. ಆದರೂ ಗೊತ್ತಿಲ್ಲದ ಹೆಸರೊಂದು ಎದುರಾದಾಗ ಮೊದಲ ಊಹೆಗೆ ಈ ಒಂದು ಸ್ವರ ಸಾಕು.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟುಗಳು ಎರಡು. ಒಂದು, ‘ಮ್‌ಸ್ತಿ’ಯನ್ನು ‘ಮೆಸ್ತೊ’ ಎಂಬ ಪದಕ್ಕೆ ಗಂಟುಹಾಕುವುದು. ಮೆಸ್ತೊ ಎಂದರೆ ರಷ್ಯನ್‌ನಲ್ಲಿ ಸ್ಥಳ, ಅದರ ಚೆಕ್ ರೂಪಕ್ಕೆ ಪಟ್ಟಣ ಎಂದರ್ಥ. ಈ ಪದದ ಮೊದಲ ಸ್ವರ ಹಳೆಯ ಬರಹದಲ್ಲಿ ‘ಯಾತ್’ ಎಂಬ ಬೇರೆಯೇ ಅಕ್ಷರ. ಮ್‌ಸ್ತಿಯಲ್ಲಿ ಅದು ಎಂದೂ ಇರಲಿಲ್ಲ. ಹಾಗಾಗಿ ‘ಊರಿಗೆ ಕೀರ್ತಿ ತಂದವ’ ಎಂಬ ಅರ್ಥ ಕೇಳಲು ಚೆಂದವಿದ್ದರೂ ಹೊಂದುವುದಿಲ್ಲ. ಎರಡನೆಯದು, ‘ಸ್ಲಾವ್’ ಕಂಡ ಕೂಡಲೆ ‘ಸ್ಲಾವ್ ಜನಾಂಗ’ ಎಂದುಕೊಳ್ಳುವುದು. ಜನಾಂಗದ ಹಳೆಯ ಹೆಸರು ‘ಸ್ಲೊವೇನೆ’; ಅಲ್ಲಿರುವುದು ‘ಒ’. ಹೆಸರಿನಲ್ಲಿರುವುದು ಕೀರ್ತಿ ಎಂಬರ್ಥದ ‘ಸ್ಲಾವಾ’.

ಒಡೆದಾಯಿತು. ಆದರೆ ತುಂಡುಗಳ ನಡುವಿನ ಸಂಬಂಧ ಏನು? ಸೇಡು ತೀರಿಸಿಕೊಂಡು ಕೀರ್ತಿ ಪಡೆದವನೋ, ಕೀರ್ತಿಗೆ ಕುಂದು ಬಂದಾಗ ಸೇಡು ತೀರಿಸುವವನೋ? ವ್ಯಾಕರಣ ಇದನ್ನು ಬಿಡಿಸಿ ಹೇಳುವುದಿಲ್ಲ. ಕನ್ನಡ ಶಾಲೆಯಲ್ಲಿ ಬಹುವ್ರೀಹಿಗೆ ಕೊಡುವ ‘ಮುಕ್ಕಣ್ಣ’ನ ಉದಾಹರಣೆ ನೆನೆಸಿಕೊಳ್ಳಿ. ಅದು ಮೂರು ಎಂದೂ ಅಲ್ಲ, ಕಣ್ಣು ಎಂದೂ ಅಲ್ಲ. ಆ ಎರಡನ್ನೂ ಉಳ್ಳ ಇನ್ನೊಬ್ಬ. ಮ್‌ಸ್ತಿಸ್ಲಾವ್ ಕೂಡ ಹಾಗೆಯೇ ಸೇಡೂ ಅಲ್ಲ, ಕೀರ್ತಿಯೂ ಅಲ್ಲ; ಆ ಎರಡರ ನೆರಳು ಯಾರ ಮೇಲೆ ಬೀಳಲಿ ಎಂದು ಹಿರಿಯರು ಬಯಸಿದರೋ ಅವನು.

ಇನ್ನೊಂದು ಮಾತು. ಅರ್ಥವನ್ನು ತೂಗಿ ನೋಡಿ ಹೆಸರಿಟ್ಟರು ಎಂದು ಎಲ್ಲ ಸಲವೂ ನಂಬಬೇಕಿಲ್ಲ. ಕೀವ್‌ನ ದೊರೆ ವ್ಲಾದಿಮಿರ್‌ನ ತಂದೆ ಸ್ವ್ಯಾತೊಸ್ಲಾವ್. ಮಕ್ಕಳು ವಿಶೆಸ್ಲಾವ್, ಇಜ್ಯಾಸ್ಲಾವ್, ಯಾರೊಸ್ಲಾವ್, ಮ್‌ಸ್ತಿಸ್ಲಾವ್, ಸ್ತನಿಸ್ಲಾವ್, ಸುದಿಸ್ಲಾವ್, ಇನ್ನೊಬ್ಬ ಸ್ವ್ಯಾತೊಸ್ಲಾವ್. ಉತ್ತರಪದ ಇಲ್ಲಿ ಮನೆತನದ ಮುದ್ರೆಯಂತೆ ಕೆಲಸಮಾಡುತ್ತಿದೆ. ಒಬ್ಬ ಮಗನನ್ನು ಇನ್ನೊಬ್ಬನಿಂದ ಬೇರೆಮಾಡಲು ಪೂರ್ವಪದ ಬದಲಾಗುತ್ತಿದೆ, ಅಷ್ಟೆ.

ಸೇಡಲ್ಲ, ಮುಯ್ಯಿ

‘ಮ್‌ಸ್ತಿ’ಯ ಹಿಂದಿರುವ ನಾಮಪದ ಇಂದಿನ ರಷ್ಯನ್‌ನಲ್ಲಿ ‘ಮೆಸ್ತ್’, ಸೇಡು. ಭಾಷಾವಿದರು ಇದನ್ನು ‘ಒಂದಕ್ಕೆ ಇನ್ನೊಂದನ್ನು ಕೊಡುವುದು, ಅದಲುಬದಲು’ ಎಂಬರ್ಥದ ಪುರಾತನ ಧಾತುವಿಗೆ ಒಯ್ದು ಮುಟ್ಟಿಸುತ್ತಾರೆ. ಲ್ಯಾಟಿನ್‌ನಲ್ಲಿ ಬದಲಾಯಿಸು ಎಂಬರ್ಥದ ‘ಮೂತಾರೆ’, ಪರಸ್ಪರ ಎಂಬರ್ಥದ ‘ಮೂತುಉಸ್’ ಅದೇ ಬಳಗದವು. ಸಂಸ್ಕೃತದಲ್ಲಿ ‘ಮಿಥಃ’ ಎಂದರೆ ಪರಸ್ಪರ. ನಮಗೆ ಗೊತ್ತಿರುವ ಮಿಥುನವೂ ಅಲ್ಲಿಂದಲೇ ಬಂದದ್ದು.

ಕೊಡುಕೊಳ್ಳುವಿಕೆಯ ಮಾತು ಸೇಡಿನ ಮಾತಾಗುವುದು ಹೇಗೆ ಎಂದು ಇಂಗ್ಲಿಷ್ ಓದುಗರಿಗೆ ಅರ್ಧ ಪುಟ ವಿವರಿಸಬೇಕಾದೀತು. ಕನ್ನಡದವರಿಗೆ ಆ ಕಷ್ಟವಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಮಾಡುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ; ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನಾದರೂ ತಿರುಗಿ ಹಾಕದಿದ್ದರೆ ಮರ್ಯಾದೆ ಹೋಯಿತು. ಅದೇ ಪದ ‘ಮುಯ್ಯಿಗೆ ಮುಯ್ಯಿ’ ಎಂದಾಗ, ‘ಮುಯ್ಯಿ ತೀರಿಸಿಕೊಂಡ’ ಎಂದಾಗ ಸೇಡು. ಬಾಕಿ ಉಳಿಸಿಕೊಳ್ಳಬಾರದು ಎಂಬ ಒಂದೇ ಭಾವ ಎರಡೂ ಕಡೆ ಇದೆ. ಸ್ಲಾವಿಕ್ ‘ಮೆಸ್ತ್’ಗೆ ಕನ್ನಡದಲ್ಲಿ ಸರಿಸಾಟಿ ಪದ ಬೇಕೆಂದರೆ ಸೇಡಲ್ಲ, ದ್ವೇಷವಂತೂ ಅಲ್ಲ; ಮುಯ್ಯಿ.

ಹೆಸರು ಹುಟ್ಟಿದ ಕಾಲದ ಕಾನೂನು ನೋಡಿದರೆ ಇದು ಇನ್ನೂ ಖಚಿತವಾಗುತ್ತದೆ. ಕೀವ್ ಮತ್ತು ನೊವ್ಗೊರೊದ್ ಕೇಂದ್ರವಾಗಿದ್ದ ಮಧ್ಯಯುಗದ ರಾಜ್ಯಕ್ಕೆ ರುಸ್ ಎಂದು ಹೆಸರು. ಅದರ 11ನೇ ಶತಮಾನದ ಕಾನೂನು ಸಂಹಿತೆ ‘ರುಸ್ಕಾಯಾ ಪ್ರಾವ್ದಾ’. ಅದರ ಮೊದಲ ಕಲಮೇ ಕೊಲೆಯದು, ಮತ್ತು ಅಲ್ಲಿ ಬಳಸಿರುವುದು ಇದೇ ಕ್ರಿಯಾಪದ. ಒಬ್ಬ ಇನ್ನೊಬ್ಬನನ್ನು ಕೊಂದರೆ, ಸತ್ತವನ ಪರವಾಗಿ ಅಣ್ಣತಮ್ಮ, ಮಗ, ತಂದೆ, ಅಣ್ಣತಮ್ಮನ ಮಗ ಅಥವಾ ಅಕ್ಕತಂಗಿಯ ಮಗ ಮುಯ್ಯಿ ತೀರಿಸಬಹುದು. ತೀರಿಸುವವರು ಯಾರೂ ಇಲ್ಲದಿದ್ದರೆ ತಲೆಗೆ 40 ಗ್ರಿವ್ನಾ (ಆ ಕಾಲದ ಹಣದ, ತೂಕದ ಅಳತೆ) ದಂಡ. ಕಾನೂನು ಹಕ್ಕುದಾರರನ್ನು ಒಬ್ಬೊಬ್ಬರಾಗಿ ಹೆಸರಿಸುತ್ತಿದೆ; ಹೊರಗಿನವನು ಮುಯ್ಯಿ ತೀರಿಸುವಂತಿಲ್ಲ. ಮುಂದೆ ವ್ಲಾದಿಮಿರ್‌ನ ಮಗ ಯಾರೊಸ್ಲಾವ್‌ನ ಮಕ್ಕಳು ಸೇರಿ ಕೊಲೆಗೆ ಕೊಲೆ ಎಂಬುದನ್ನು ತೆಗೆದು ಹಣದ ದಂಡವನ್ನಷ್ಟೇ ಉಳಿಸಿದರು. ಪಟ್ಟಿಯಲ್ಲಿ ಹೆಸರಿದ್ದೂ ಸುಮ್ಮನೆ ಕೂತವನಿಗೆ ಆ ಸಮಾಜದಲ್ಲಿ ಮುಖ ಎತ್ತಿ ಓಡಾಡುವುದು ಕಷ್ಟವಿತ್ತು. ಅಂಥ ಕಾಲದಲ್ಲಿ ‘ಮುಯ್ಯಿಯಲ್ಲಿ ಕೀರ್ತಿವಂತ’ ಎಂದರೆ ಮನೆಯವರ ಕೈಬಿಡದವನು ಎಂದು.

ಸ್ಲಾವಾ, ಶ್ರವಸ್, ಭೂರಿಶ್ರವ

‘ಸ್ಲಾವಾ’ ಕೇಳುವಿಕೆಗೆ ಸೇರಿದ ಪದ. ಕೀರ್ತಿ ಎಂದರೆ ನಾಲ್ಕು ಜನರ ಕಿವಿಗೆ ಬಿದ್ದ ಸುದ್ದಿ. ಅದೇ ಧಾತುವಿನಿಂದ ಸ್ಲಾವಿಕ್‌ನಲ್ಲಿ ‘ಸ್ಲೊವೊ’ (ಮಾತು), ಗ್ರೀಕ್‌ನಲ್ಲಿ ‘ಕ್ಲೆಒಸ್’ (ಕೀರ್ತಿ), ಸಂಸ್ಕೃತದಲ್ಲಿ ‘ಶ್ರವಸ್’ (ಕೀರ್ತಿ) ಹುಟ್ಟಿವೆ. ಶ್ರವಣ, ಶ್ರುತಿ ನಮಗೆ ಪರಿಚಿತ. ಸಂಸ್ಕೃತದ ‘ಶ’ ಇದ್ದ ಕಡೆ ಸ್ಲಾವಿಕ್‌ನಲ್ಲಿ ‘ಸ’, ಗ್ರೀಕ್‌ನಲ್ಲಿ ‘ಕ’ ಬರುವುದು ಆಕಸ್ಮಿಕವಲ್ಲ: ದಶ, ದೆಸ್ಯತ್, ದೆಕ ಎಂಬ ಸಂಖ್ಯೆಯಲ್ಲೂ ಅದೇ ಸಾಲು ಕಾಣುತ್ತದೆ.

ಇಷ್ಟು ಹೇಳಿದ ಕೂಡಲೆ ‘ಹಾಗಾದರೆ ಇದು ಸಂಸ್ಕೃತದಿಂದ ಹೋದ ಹೆಸರು’ ಎಂದು ಹೊರಡುವವರಿದ್ದಾರೆ. ಹಾಗಲ್ಲ. ಒಂದೇ ತಾಯಿಯ ಎರಡು ಮಕ್ಕಳಿಗೆ ಮೂಗು ಒಂದೇ ಥರ ಇದ್ದರೆ ಒಬ್ಬರು ಇನ್ನೊಬ್ಬರಿಂದ ಕಡ ತಂದರು ಎನ್ನುವುದಿಲ್ಲ. ಸಂಸ್ಕೃತ, ಗ್ರೀಕ್, ಸ್ಲಾವಿಕ್ ಮೂರೂ ಇಂಡೋ-ಯುರೋಪಿಯನ್ ಮನೆತನದವು. ಕನ್ನಡ ಆ ಮನೆತನದ್ದಲ್ಲ. ಶ್ರವಣ ನಮಗೆ ಸಂಸ್ಕೃತದಿಂದ ಬಂದದ್ದು. ಇವುಗಳ ನಡುವೆ ಪದವಷ್ಟೇ ಅಲ್ಲ, ಎರಡು ಪದ ಕೂಡಿಸಿ ಹೆಸರು ಕಟ್ಟುವ ಪದ್ಧತಿಯೂ ಸಮಾನ. ಗ್ರೀಕರ ಪೆರಿಕ್ಲೆಸ್, ಥೆಮಿಸ್ತೊಕ್ಲೆಸ್ ಹೆಸರುಗಳ ಕೊನೆಯಲ್ಲಿರುವುದು ಅದೇ ಕೀರ್ತಿ. ರಾವಣನ ತಂದೆ ವಿಶ್ರವಸ್ಸಿನ ಹೆಸರಲ್ಲೂ ಅದೇ.

ತುಂಬ ಹತ್ತಿರದ ಜೋಡಿ ಬೇಕೆಂದರೆ ಮಹಾಭಾರತದ ಭೂರಿಶ್ರವನನ್ನು ನೋಡಿ. ಭೂರಿ ಎಂದರೆ ಬಹಳ, ಬಹಳ ಕೀರ್ತಿಯುಳ್ಳವನು. ಪೋಲೆಂಡಿನ ಬೊಲೆಸ್ಲಾವ್, ರಷ್ಯಾದ ವ್ಯಾಚೆಸ್ಲಾವ್, ಚೆಕ್ಕರ ವಾತ್ಸ್ಲಾವ್ ಮೂವರ ಹೆಸರಿಗೂ ‘ಹೆಚ್ಚು ಕೀರ್ತಿ’ ಎಂದೇ ಅರ್ಥ. ಕೊನೆಯ ಎರಡಂತೂ ಒಂದೇ ಹೆಸರಿನ ಎರಡು ರೂಪ. ಮ್‌ಸ್ತಿಸ್ಲಾವ್‌ನ ಪೂರ್ವಾರ್ಧ ಕೂಡ ಭೂರಿಶ್ರವನ ಕಥೆಯಲ್ಲಿದೆ. ಸಾತ್ಯಕಿಯ ಅಜ್ಜ ಶಿನಿ ತುಂಬಿದ ಸಭೆಯಲ್ಲಿ ಸೋಮದತ್ತನನ್ನು ಕೆಡವಿ ಕಾಲಲ್ಲಿ ಒದ್ದಿದ್ದ. ಆ ಅವಮಾನಕ್ಕೆ ಮುಯ್ಯಿ ತೀರಿಸುವ ಮಗ ಬೇಕೆಂದು ಸೋಮದತ್ತ ವರ ಬೇಡಿ ಪಡೆದವನೇ ಭೂರಿಶ್ರವ. ಅರ್ಜುನ ಅವನ ತೋಳು ಕತ್ತರಿಸಿದ್ದು, ಕೊನೆಗೆ ಸಾತ್ಯಕಿ ತಲೆ ತೆಗೆದದ್ದು ದ್ರೋಣಪರ್ವದಲ್ಲಿ ಬರುತ್ತದೆ.

ಕಳೆದುಹೋದ ‘ಇ’

ಮೂರು ವ್ಯಂಜನಗಳ ಆ ಗಂಟು ಹುಟ್ಟಿನಿಂದ ಬಂದದ್ದಲ್ಲ. ಹಳೆಯ ಹಸ್ತಪ್ರತಿಗಳಲ್ಲಿ ‘ಮ’ಕಾರಕ್ಕೂ ‘ಸ’ಕಾರಕ್ಕೂ ನಡುವೆ ‘ಯೆರ್’ ಜಾತಿಯ ಒಂದು ಅಕ್ಷರವಿದೆ. ಇಂದಿನ ರಷ್ಯನ್‌ನಲ್ಲಿ ಆ ಅಕ್ಷರಕ್ಕೆ ತನ್ನದೇ ಉಚ್ಚಾರವಿಲ್ಲ, ಹಿಂದಿನ ವ್ಯಂಜನವನ್ನು ಮೃದುಮಾಡುವ ಗುರುತು ಮಾತ್ರ. ಆದರೆ 11ನೇ ಶತಮಾನದಲ್ಲಿ ಅದು ನಿಜವಾದ ಸ್ವರ, ತೀರಾ ಮೊಟಕಾದ ‘ಇ’. ಹೆಸರು ಆಗ ಸುಮಾರಾಗಿ ‘ಮಿಸ್ತಿಸ್ಲಾವು’ ಎಂದು ಕೇಳುತ್ತಿತ್ತು. ಕೊನೆಯಲ್ಲೂ ಇನ್ನೊಂದು ಮೊಟಕು ಸ್ವರವಿತ್ತು. 12ನೇ ಶತಮಾನದ ಆಸುಪಾಸಿನಲ್ಲಿ ಪೂರ್ವ ಸ್ಲಾವಿಕ್ ಮಾತಿನಲ್ಲಿ ಈ ಮೊಟಕು ಸ್ವರಗಳು ದುರ್ಬಲ ಸ್ಥಾನದಲ್ಲಿ ಉದುರಿಹೋದವು, ಬಲವಾದ ಸ್ಥಾನದಲ್ಲಿ ‘ಎ’, ‘ಒ’ಗಳಾಗಿ ಗಟ್ಟಿಯಾದವು. ‘ಮೆಸ್ತ್’ ಎಂಬ ಬಿಡಿ ಪದದಲ್ಲಿ ಅದೇ ಸ್ವರ ‘ಎ’ ಆಗಿ ಉಳಿಯಿತು. ಮ್‌ಸ್ತಿಸ್ಲಾವ್‌ನಲ್ಲಿ ಮುಂದೆಯೇ ಪೂರ್ಣ ‘ಇ’ ಇದ್ದುದರಿಂದ ಕಾಣೆಯಾಯಿತು. ಎರಡೂ ಒಂದೇ ಪದ ಎಂಬುದು ಮೇಲ್ನೋಟಕ್ಕೆ ಹೊಳೆಯದಿರುವುದು ಇದರಿಂದಲೇ.

ಕಳೆದ ಸ್ವರಕ್ಕೆ ಸಾಕ್ಷಿ ಎರಡು ಕಡೆ ಸಿಗುತ್ತದೆ. ರುಸ್‌ನ ಮೊದಲ ವೃತ್ತಾಂತಗ್ರಂಥದಲ್ಲಿ 945ನೇ ವರ್ಷದ ಕೆಳಗೆ ಸ್ವೆನೆಲ್ದ್ ಎಂಬ ಸೇನಾನಿಯನ್ನು ‘ಮಿಸ್ತಿಶನ ತಂದೆ’ ಎಂದು ಗುರುತಿಸಿದ್ದಾರೆ. ಮಿಸ್ತಿಶ ಎಂಬುದು ಇದೇ ‘ಮ್‌ಸ್ತಿ’ಯಿಂದಾದ ಮೊಟಕು ಹೆಸರು, ಮೊದಲ ‘ಇ’ ಪೂರ್ಣ ಅಕ್ಷರದಲ್ಲಿ ಬರೆದಿದೆ. (ಅದೇ ವರ್ಷದ ಪುಟದಲ್ಲಿ ರಾಣಿ ಓಲ್ಗಾ ಗಂಡನ ಸಾವಿಗೆ ಮುಯ್ಯಿ ತೀರಿಸಿಕೊಳ್ಳುವ ಪ್ರಸಿದ್ಧ ಕಥೆಯೂ ಇದೆ.) ಎರಡನೆಯದು ಡೆನ್ಮಾರ್ಕಿನ ಸೋನರ್ ವಿಸಿಂಗ್ ಎಂಬಲ್ಲಿನ ಕಲ್ಲುಬರಹ. ‘ಮಿಸ್ತಿವಿಯ ಮಗಳು, ಗೋರ್ಮ್‌ನ ಮಗ ಹರಾಲ್ಡ್‌ನ ಹೆಂಡತಿ ತೋವೆ’ ತನ್ನ ತಾಯಿಯ ನೆನಪಿಗೆ ಅದನ್ನು ನೆಡಿಸಿದಳು. ಆ ಮಿಸ್ತಿವಿಯನ್ನು ಬಾಲ್ಟಿಕ್ ತೀರದ ಒಬೊದ್ರಿತ್ ಸ್ಲಾವರ ದೊರೆ ಮ್‌ಸ್ತಿವೊಯ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಹೆಸರಿನ ಒಡಹುಟ್ಟು, ಉತ್ತರಪದ ಮಾತ್ರ ‘ವೊಯ್’, ಯೋಧ. ಗಂಡ ಹರಾಲ್ಡ್‌ನ ಅಡ್ಡಹೆಸರು ಇಂದು ನಮ್ಮೆಲ್ಲರ ಫೋನಿನಲ್ಲಿದೆ: ಬ್ಲೂಟೂತ್.

ಕನ್ನಡ ಲಿಪಿಯಲ್ಲಿ ಒಂದು ತಮಾಷೆ ಆಗುತ್ತದೆ. ‘ಮ್ಸ್ತಿ’ ಎಂದು ಒತ್ತಕ್ಷರ ಕೂಡಿಸಿ ಬರೆದರೆ ಗುಡಿಸು ‘ತ’ದ ಮೇಲೆ ಕೂರದೆ ತಲೆಯಲ್ಲಿರುವ ‘ಮ’ದ ಮೇಲೆ ಕೂರುತ್ತದೆ, ‘ಸ’ ಮತ್ತು ‘ತ’ ಕೆಳಗೆ ಒತ್ತಾಗಿ ತೂಗುತ್ತವೆ. ಕಣ್ಣಿಗೆ ಮೊದಲು ಬೀಳುವುದು ‘ಮಿ’. ಅಷ್ಟು ಸಾಲದೆಂದು ಸ್ಕೂಲನ್ನು ಇಸ್ಕೂಲು ಮಾಡಿಕೊಳ್ಳುವ ನಾಲಿಗೆ ನಮ್ಮದು. ಹಾಗಾಗಿ ಬಹುತೇಕರ ಬಾಯಲ್ಲಿ ಬರುವುದು ‘ಮಿಸ್ತಿಸ್ಲಾವ್’. ಇಂದಿನ ರಷ್ಯನ್ನರ ಕಿವಿಗೆ ಅದು ತಪ್ಪು. ಸಾವಿರ ವರ್ಷದ ಹಿಂದಿನವರಿಗೆ ‘ಮಸ್ತಿ’, ‘ಎಂಸ್ತಿ’ಗಳಿಗಿಂತ ಎಷ್ಟೋ ಪರಿಚಿತ. ಇಂದಿನ ಉಚ್ಚಾರಕ್ಕೆ ಹತ್ತಿರ ಬರೆಯಬೇಕೆಂದರೆ ಟೈಪ್ ಮಾಡುವಾಗ ‘ಮ್’ ಆದ ಮೇಲೆ ಅಕ್ಷರ ಕೂಡದಂತೆ ತಡೆಯುವ ಕೀಲಿ ಒತ್ತಿ ‘ಮ್‌ಸ್ತಿ’ ಎಂದು ಬಿಡಿಸಿ ಬರೆಯುವುದು ಮೇಲು. ‘ಟ’ ಬೇಡ; ಸ್ಲಾವಿಕ್ ‘ತ’ ನಮ್ಮ ತಕಾರದಂತೆ ಹಲ್ಲಿಗೆ ತಾಗಿ ಬರುವಂಥದ್ದು, ‘ಟ’ ಇಂಗ್ಲಿಷಿನ ಮೂಲಕ ನುಸುಳಿದ್ದು. ಒತ್ತು ಕೊನೆಯ ‘ಸ್ಲಾ’ದ ಮೇಲೆ; ದೀರ್ಘ ಬರೆಯುವುದು ಅದಕ್ಕಾಗಿಯೇ. ರಷ್ಯನ್ನರು ಕೊನೆಯ ‘ವ್’ ಅನ್ನು ‘ಫ್’ಗೆ ಹತ್ತಿರ ಉಚ್ಚರಿಸುತ್ತಾರೆ, ಉಕ್ರೇನಿನವರು ಹಾಗೆ ಮಾಡುವುದಿಲ್ಲ. ಪೋಲಿಷ್ ರೂಪ ‘ಮ್‌ಶ್ಚಿಸ್ವಾಫ್’, ಒತ್ತು ಮೊದಲಿಗೆ. ಬೆಲರೂಸಿನ ರೂಪ ‘ಮ್‌ಸ್ತ್ಸಿಸ್ಲಾವ್’.

ಒಬ್ಬನಲ್ಲ, ಡಜನ್‌ಗಟ್ಟಲೆ

ಹೆಸರು ಇಂದು ಅಪರೂಪವಾದರೂ ರುಸ್‌ನ ಇತಿಹಾಸ ಓದುವವರಿಗೆ ಮ್‌ಸ್ತಿಸ್ಲಾವ್‌ಗಳ ಕಾಟ ತಪ್ಪಿದ್ದಲ್ಲ. ಮೊದಲ ದೊಡ್ಡ ಹೆಸರು ಆ ವ್ಲಾದಿಮಿರ್‌ನ ಮಗ, ಕಪ್ಪು ಸಮುದ್ರದ ಬದಿಯ ತ್ಮುತರಕಾನ್‌ನ ದೊರೆ. 1022ರಲ್ಲಿ ಕಾಕಸಸ್ ಕಡೆಯ ಕಸೋಗರೆಂಬ ಜನರ ನಾಯಕ ರೆದೆದ್ಯಾನ ಜೊತೆ ಸೈನ್ಯಗಳ ಎದುರಿಗೆ ಕುಸ್ತಿ ಹಿಡಿದು ಅವನನ್ನು ಕೊಂದ. 1024ರಲ್ಲಿ ಲಿಸ್ತ್ವೆನ್ ಕದನದಲ್ಲಿ ಸ್ವಂತ ಅಣ್ಣತಮ್ಮ ಯಾರೊಸ್ಲಾವ್‌ನನ್ನು ಸೋಲಿಸಿ, 1026ರಲ್ಲಿ ದ್ನೀಪರ್ ನದಿಯನ್ನೇ ಗಡಿಯಾಗಿಸಿ ರಾಜ್ಯ ಹಂಚಿಕೊಂಡ. ಚೆರ್ನೀಗೊವ್‌ನಲ್ಲಿ ದೊಡ್ಡ ಚರ್ಚು ಕಟ್ಟಲು ತೊಡಗಿದ. ಬೇಟೆಗೆ ಹೋಗಿ ಕಾಯಿಲೆ ಬಿದ್ದು ಸತ್ತಾಗ ಅದರ ಗೋಡೆ ಎಷ್ಟು ಎದ್ದಿತ್ತು ಎಂಬುದಕ್ಕೆ ವೃತ್ತಾಂತಕಾರ ಕೊಟ್ಟ ಅಳತೆ: ಕುದುರೆಯ ಮೇಲೆ ನಿಂತು ಕೈ ಚಾಚಿದರೆ ಮುಟ್ಟುವಷ್ಟು. ಆ ಚರ್ಚು ಇಂದಿಗೂ ಇದೆ.

ಎರಡನೆಯವನು ಕೀವ್‌ನ ದೊರೆ ‘ಮಹಾ’ ಮ್‌ಸ್ತಿಸ್ಲಾವ್ (1076–1132), ಅದೇ ವಂಶದ ಇನ್ನೊಬ್ಬ ವ್ಲಾದಿಮಿರ್‌ನ ಮಗ. ಹೆಸರುಗಳು ಹೇಗೆ ಕೆಲಸಮಾಡುತ್ತಿದ್ದವು ಎಂದು ತಿಳಿಯಲು ಇವನಿಗಿಂತ ಒಳ್ಳೆಯ ಉದಾಹರಣೆ ಇಲ್ಲ, ಏಕೆಂದರೆ ಇವನಿಗೆ ಮೂರು ಹೆಸರು. ಮನೆತನದ್ದು ಮ್‌ಸ್ತಿಸ್ಲಾವ್. ದೀಕ್ಷಾಸ್ನಾನದಲ್ಲಿ ಬಂದದ್ದು ಫ್ಯೊದೋರ್. ತಾಯಿ ಗೀತಾ, 1066ರಲ್ಲಿ ಹೇಸ್ಟಿಂಗ್ಸ್ ಕದನದಲ್ಲಿ ಸತ್ತ ಇಂಗ್ಲೆಂಡಿನ ರಾಜ ಹೆರಾಲ್ಡ್‌ನ ಮಗಳು. ಆದ್ದರಿಂದ ಸಾಗಾ ಎಂಬ ಸ್ಕ್ಯಾಂಡಿನೇವಿಯಾದ ಹಳೆಯ ಕಥನಗಳಲ್ಲಿ ಇವನು ಅಜ್ಜನ ಹೆಸರಿನ ಹರಾಲ್ಡ್. (ಗೀತಾ ಎಂದು ಕನ್ನಡದಲ್ಲಿ ಬರೆದರೆ ನಮ್ಮ ಪಕ್ಕದ ಮನೆಯವಳಂತೆ ಕಂಡರೂ ಅದು ಬೇರೆಯೇ ಹೆಸರು.) ಇವನಿಗಾಗಿ ಬರೆದ, ಇವನ ಹೆಸರಿನಿಂದಲೇ ಪ್ರಸಿದ್ಧವಾದ ಸುವಾರ್ತಾ ಹಸ್ತಪ್ರತಿಯಲ್ಲಿ ಲಿಪಿಕಾರ ದೊರೆಯನ್ನು ‘ಫ್ಯೊದೋರ್, ಲೌಕಿಕದಲ್ಲಿ ಮ್‌ಸ್ತಿಸ್ಲಾವ್’ ಎಂದು ಎರಡೂ ಹೆಸರಿಟ್ಟು ಕರೆಯುತ್ತಾನೆ. ಸುಮಾರು 1130ರಲ್ಲಿ ನೊವ್ಗೊರೊದ್ ಬಳಿಯ ಯೂರಿಯೆವ್ ಮಠಕ್ಕೆ ಭೂಮಿ ಬರೆದುಕೊಟ್ಟ ದಾನಪತ್ರ ಚರ್ಮಪಟದ ಮೇಲೆ, ಬಂಗಾರದ ಮಸಿಯಲ್ಲಿ ಇದೆ. ರುಸ್‌ನಿಂದ ಮೂಲಪ್ರತಿಯಾಗಿಯೇ ಉಳಿದುಬಂದ ದಾನಪತ್ರಗಳಲ್ಲಿ ಅತಿ ಹಳೆಯದು. ಅದು ಶುರುವಾಗುವುದು ‘ಇಗೋ ನಾನು, ವ್ಲಾದಿಮಿರ್‌ನ ಮಗ ಮ್‌ಸ್ತಿಸ್ಲಾವ್’ ಎಂಬ ಮಾತಿನಿಂದ. ಇವನ ಮಗ ವ್ಸೆವೊಲೊದ್ ಅದೇ ಪತ್ರದಲ್ಲಿ ತನ್ನ ಪಾಲಿಗೆ 30 ಗ್ರಿವ್ನಾ ತೂಕದ ಬೆಳ್ಳಿ ತಟ್ಟೆ ಕೊಟ್ಟಿದ್ದಾನೆ.

ಈ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ವಾಡಿಕೆ. ಬದುಕಿರುವ ತಂದೆಯ ಹೆಸರನ್ನು ಮಗನಿಗೆ ಇಡುತ್ತಿರಲಿಲ್ಲ. ಹಾಗಾಗಿ ಎಲ್ಲಾದರೂ ‘ಮ್‌ಸ್ತಿಸ್ಲಾವ್‌ನ ಮಗ ಮ್‌ಸ್ತಿಸ್ಲಾವ್’ ಕಂಡರೆ, ಮಗ ಹುಟ್ಟುವ ಹೊತ್ತಿಗೆ ತಂದೆ ತೀರಿಕೊಂಡಿದ್ದನೇ ಎಂದು ಇತಿಹಾಸಕಾರರು ಕೇಳುತ್ತಾರೆ. ಹೆಸರು ಹೀಗೆ ತಲೆಮಾರು ಬಿಟ್ಟು ತಲೆಮಾರು ಮರಳುತ್ತ 1223ರ ಹೊತ್ತಿಗೆ ಗೊಂದಲ ತುದಿ ಮುಟ್ಟಿತ್ತು. ಆ ವರ್ಷ ಕಾಲ್ಕಾ ನದಿಯ ಬಳಿ ಮಂಗೋಲರನ್ನು ಎದುರಿಸಲು ಹೋದ ಮೂವರು ಮುಖ್ಯ ದೊರೆಗಳ ಹೆಸರೂ ಮ್‌ಸ್ತಿಸ್ಲಾವ್. ಕೀವ್‌ನವನು ರೊಮಾನ್‌ನ ಮಗ. ಗುಡ್ಡದ ಮೇಲೆ ಮೂರು ದಿನ ತಡೆದು ನಿಂತು ಶರಣಾದ ಮೇಲೆ, ಹಲಗೆಗಳ ಕೆಳಗೆ ಹಾಕಿ, ಮೇಲೆ ಕೂತು ಔತಣ ಉಂಡು ಮಂಗೋಲರು ಅವನನ್ನು ಕೊಂದರು. ಚೆರ್ನೀಗೊವ್‌ನವನು ಸ್ವ್ಯಾತೊಸ್ಲಾವ್‌ನ ಮಗ, ಅವನೂ ಉಳಿಯಲಿಲ್ಲ. ಗಾಲಿಚ್‌ನವನು ಮ್‌ಸ್ತಿಸ್ಲಾವ್‌ನ ಮಗ. ದ್ನೀಪರ್ ದಾಟಿ, ಶತ್ರುಗಳು ಹಿಂಬಾಲಿಸದಂತೆ ದೋಣಿಗಳನ್ನು ಹಾಳುಗೆಡವಿ ಪಾರಾದ.

ಇವರನ್ನು ಬೇರೆಮಾಡಲು ಮೂರು ಗುರುತು ಒಟ್ಟಿಗೆ ಬೇಕು: ತಂದೆಯ ಹೆಸರು, ಊರು, ಅಡ್ಡಹೆಸರು. ಒಂದನ್ನೇ ನಂಬಿದರೆ ಕೈಕೊಡುತ್ತದೆ, ಏಕೆಂದರೆ ದೊರೆಗಳು ಊರಿಂದೂರಿಗೆ ಪಟ್ಟ ಬದಲಿಸುತ್ತಿದ್ದರು. ಅಡ್ಡಹೆಸರಿನಲ್ಲೂ ಜಾರುವ ಜಾಗವಿದೆ. ಗಾಲಿಚ್‌ನವನ ಬಿರುದು ‘ಉದಾತ್ನಿ’, ಅದೃಷ್ಟವಂತ, ಯಶಸ್ವಿ. ಮುಂದಿನ ಕಾಲದ ಬರಹಗಾರರು ಅದನ್ನು ‘ಉದಲೊಯ್’, ಎದೆಗಾರ ಎಂದು ತಿದ್ದಿಬಿಟ್ಟರು. ಇಂಗ್ಲಿಷ್ ಪುಸ್ತಕಗಳಲ್ಲಿ ಅವನು ಇನ್ನೂ ‘ಧೀರ’ನಾಗಿಯೇ ಇದ್ದಾನೆ. ದೋಣಿಯ ಪ್ರಸಂಗ ಓದಿದವರಿಗೆ ಹಳೆಯ ಬಿರುದೇ ಸರಿ ಎನಿಸುತ್ತದೆ.

ಏಕೆ ಅಪರೂಪವಾಯಿತು

ಅರ್ಥದಲ್ಲಿ ಸೇಡು ಇದೆ ಎಂಬ ಕಾರಣಕ್ಕೆ ಜನ ಬಿಟ್ಟರು ಎಂದು ಹೇಳುವುದು ಸುಲಭ, ನಂಬುವುದು ಕಷ್ಟ. ಹೆಸರನ್ನು ಕರಗಿಸಿದ್ದು ಚರ್ಚಿನ ಪಂಚಾಂಗ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ಸಂತರ ಪಟ್ಟಿಯಲ್ಲಿರುವ ಹೆಸರೇ ಬೇಕು. ಮೊದಮೊದಲು ದೊರೆಗಳು ಚರ್ಚಿಗೊಂದು, ಲೋಕಕ್ಕೊಂದು ಎಂದು ಎರಡು ಹೆಸರು ಇಟ್ಟುಕೊಂಡರು. 14ನೇ ಶತಮಾನದ ಹೊತ್ತಿಗೆ ಆ ಎರಡನೆಯದು ಸವೆದು ಇವಾನ್, ವಸೀಲಿ, ದ್ಮಿತ್ರಿಗಳಷ್ಟೇ ಉಳಿದವು. ಹಳೆಯ ಹೆಸರಿನವರೇ ಸಂತರಾದ ಕಡೆ ಮಾತ್ರ ಆ ಹೆಸರು ಬದುಕಿತು. ದೇಶಕ್ಕೆ ಕ್ರೈಸ್ತಧರ್ಮ ತಂದ ವ್ಲಾದಿಮಿರ್ ಅದಕ್ಕೆ ಸಾಕ್ಷಿ. ಮ್‌ಸ್ತಿಸ್ಲಾವ್‌ಗಳಲ್ಲೂ ಸಂತರೆನಿಸಿದವರಿದ್ದರು. 1180ರಲ್ಲಿ ತೀರಿಕೊಂಡ ನೊವ್ಗೊರೊದ್‌ನ ಮ್‌ಸ್ತಿಸ್ಲಾವ್ ರೊಸ್ತಿಸ್ಲಾವಿಚ್ ಅವರಲ್ಲೊಬ್ಬ. ಆದರೆ ಅವರ ಭಕ್ತಿ ಊರೂರಿಗೆ ಹರಡುವಷ್ಟು ದೊಡ್ಡದಾಗಲಿಲ್ಲ.

ಹೆಸರು ಉಳಿದದ್ದು ನೆಲದ ಮೇಲೆ. ಬೆಲರೂಸಿನ ಮೊಗಿಲ್ಯೊವ್ ಪ್ರಾಂತ್ಯದಲ್ಲಿ ಮ್‌ಸ್ತಿಸ್ಲಾವ್ಲ್ ಎಂಬ ಊರಿದೆ. ಕೊನೆಯ ‘ಲ್’ ಮುದ್ರಣದೋಷವಲ್ಲ, ಹಳೆಯ ಷಷ್ಠಿಯಂಥ ಪ್ರತ್ಯಯ: ಯಾರೊಸ್ಲಾವ್‌ನ ಊರು ಯಾರೊಸ್ಲಾವ್ಲ್, ಮ್‌ಸ್ತಿಸ್ಲಾವ್‌ನ ಊರು ಮ್‌ಸ್ತಿಸ್ಲಾವ್ಲ್. ಆ ಊರಿನಿಂದ ಮ್‌ಸ್ತಿಸ್ಲಾವ್ಸ್ಕಿ ಎಂಬ ಮನೆತನದ ಹೆಸರು ಬಂತು. 1610ರಲ್ಲಿ ಮಾಸ್ಕೋದಲ್ಲಿ ಅಧಿಕಾರ ಹಿಡಿದ ಏಳು ಬಯಾರರ (ಹಿರಿಯ ಸರದಾರರ) ಮುಖಂಡ ಫ್ಯೊದೋರ್ ಮ್‌ಸ್ತಿಸ್ಲಾವ್ಸ್ಕಿ ಆ ಮನೆಯವನು.

19ನೇ ಶತಮಾನದಲ್ಲಿ ಓದುಬರಹ ಬಲ್ಲವರಿಗೆ ಹಳೆಯ ರುಸ್‌ನ ಮೋಹ ಹತ್ತಿದ ಮೇಲೆ ಹೆಸರು ಮೆಲ್ಲಗೆ ಮರಳಿತು. ಚಿತ್ರಕಾರ ದೊಬುಜಿನ್ಸ್ಕಿ ಹುಟ್ಟಿದ್ದು 1875ರಲ್ಲಿ. ಗಣಿತಜ್ಞನ ಪೂರ್ಣ ಹೆಸರು ಮ್‌ಸ್ತಿಸ್ಲಾವ್ ವ್ಸೆವೊಲೊದೊವಿಚ್ ಕೆಲ್ದಿಶ್. ತಂದೆಗೂ ಮಗನಿಗೂ ದೊರೆಗಳ ಹೆಸರು. 1961ರಿಂದ 1975ರವರೆಗೆ ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದ ಇವನ ಹೆಸರನ್ನು ಹೊತ್ತ ಸಂಶೋಧನಾ ಹಡಗಿನಿಂದಲೇ ಮಿರ್ ಎಂಬ ಜೋಡಿ ಜಲಾಂತರ ನೌಕೆಗಳು ಟೈಟಾನಿಕ್‌ನ ಅವಶೇಷದ ಬಳಿಗೆ ಇಳಿದದ್ದು. 1917–18ರಲ್ಲಿ ಜನನದ ದಾಖಲೆ ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂದಮೇಲೆ ಯಾವ ಹೆಸರಿಡಲೂ ಅಡ್ಡಿ ಉಳಿಯಲಿಲ್ಲ. ಸನ್ಯಾಸದ ಹೆಸರಾಗಿಯೂ ಇದು ಬಂದದ್ದುಂಟು: ಉಕ್ರೇನಿನ ಸ್ತೆಪಾನ್ ಸ್ಕ್ರಿಪ್ನಿಕ್ (1898–1993) ಬಿಷಪ್ ಆದಾಗ ಪಡೆದ ಹೆಸರು ಮ್‌ಸ್ತಿಸ್ಲಾವ್, 1990ರಲ್ಲಿ ಅವರು ಉಕ್ರೇನಿನ ಸ್ವತಂತ್ರ (ಆಟೊಸೆಫಲಸ್) ಆರ್ಥೊಡಾಕ್ಸ್ ಚರ್ಚಿನ ಮೊದಲ ಪೇಟ್ರಿಯಾರ್ಕ್, ಅಂದರೆ ಪರಮೋಚ್ಚ ಧರ್ಮಗುರು ಆದರು.

ಕರೆಯುವುದು ಹೇಗೆ

ಇಷ್ಟುದ್ದದ ಹೆಸರನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆಯುವುದಿಲ್ಲ. ‘ಸ್ಲಾವಾ’ ಎನ್ನುತ್ತಾರೆ. ಸ್ತ್ರೀಲಿಂಗದಂತೆ ಕಂಡರೂ ಗಂಡಸರ ಮೊಟಕು ಹೆಸರುಗಳು ‘ಆ’ಕಾರದಲ್ಲಿ ಮುಗಿಯುವುದು ರಷ್ಯನ್‌ನಲ್ಲಿ ಸಹಜ; ವಾನ್ಯಾ, ಮಿಶಾ ಇದ್ದ ಹಾಗೆ. ರೊಸ್ತ್ರೊಪೊವಿಚ್ ಜಗತ್ತಿನ ಸಂಗೀತಗಾರರಿಗೆಲ್ಲ ಸ್ಲಾವಾ. ತೊಂದರೆ ಏನೆಂದರೆ ವ್ಯಾಚೆಸ್ಲಾವ್, ಯಾರೊಸ್ಲಾವ್, ಸ್ವ್ಯಾತೊಸ್ಲಾವ್, ರೊಸ್ತಿಸ್ಲಾವ್, ಎಲ್ಲರೂ ಮನೆಯಲ್ಲಿ ಸ್ಲಾವಾ ಆಗಬಹುದು. ಮೊಟಕು ಹೆಸರಿನಿಂದ ಪೂರ್ಣ ಹೆಸರು ಊಹಿಸಿ ಬರೆಯಹೋದರೆ ತಪ್ಪುವ ಸಂಭವವೇ ಹೆಚ್ಚು, ಕೇಳಿಯೇ ಬರೆಯಬೇಕು.

ಗೌರವದಿಂದ ಕರೆಯಬೇಕಾದಾಗ ಹೆಸರಿನ ಜೊತೆ ತಂದೆಯ ಹೆಸರು ಕೂಡಿಸುತ್ತಾರೆ: ತಂದೆ ಲಿಯೊಪೋಲ್ಡ್ ಆದ್ದರಿಂದ ರೊಸ್ತ್ರೊಪೊವಿಚ್‌ಗೆ ‘ಮ್‌ಸ್ತಿಸ್ಲಾವ್ ಲಿಯೊಪೋಲ್ದೊವಿಚ್’. ಇದು ನಮ್ಮ ‘ಅವರು’, ‘ಸಾರ್’ ಮಾಡುವ ಕೆಲಸ. ಮ್‌ಸ್ತಿಸ್ಲಾವ್‌ನ ಮಗ ಮ್‌ಸ್ತಿಸ್ಲಾವೊವಿಚ್, ಮಗಳು ಮ್‌ಸ್ತಿಸ್ಲಾವೊವ್ನಾ. ಮಧ್ಯಯುಗದ ದೊರೆಗಳಿಗೆ ಮಾತ್ರ ‘ಒವ್’ ಇಲ್ಲದ ಮ್‌ಸ್ತಿಸ್ಲಾವಿಚ್ ಎಂಬ ಮೊಟಕು ರೂಪ ರೂಢಿಯಲ್ಲಿದೆ. ಹೆಣ್ಣುಮಕ್ಕಳಿಗೆ ಮ್‌ಸ್ತಿಸ್ಲಾವಾ ಎಂಬ ರೂಪ ಇದೆಯಾದರೂ ಗಂಡು ರೂಪಕ್ಕಿಂತಲೂ ವಿರಳ.

ಪೋಲೆಂಡಿನ ಇತಿಹಾಸದಲ್ಲಿ ಹುಡುಕುವವರು ಇನ್ನೊಂದು ವಿಷಯ ಗಮನದಲ್ಲಿಟ್ಟುಕೊಳ್ಳಬೇಕು. ಅಲ್ಲಿ ಹೆಚ್ಚಾಗಿ ಸಿಗುವುದು ಮ್‌ಸ್ತಿಸ್ಲಾವ್ ಅಲ್ಲ, ಅದೇ ಮ್‌ಸ್ತಿವೊಯ್‌ನ ಪೋಲಿಷ್ ರೂಪ ಮ್‌ಶ್ಚಿವುಯ್. ಗ್ದಾನ್ಸ್ಕ್ ಪೊಮೆರೇನಿಯಾದ ಕೊನೆಯ ಡ್ಯೂಕ್ ಎರಡನೇ ಮ್‌ಶ್ಚಿವುಯ್, 1294ರಲ್ಲಿ ಸತ್ತವನು. ಲ್ಯಾಟಿನ್ ದಾಖಲೆಗಳಲ್ಲಿ ಅವನು ‘ಮೆಸ್ತ್ವಿನ್’. ಸೂಚಿಪುಟದಲ್ಲಿ ‘ಮ್‌ಸ್ತಿ’ ಎಂದು ಮಾತ್ರ ಹುಡುಕಿದರೆ ಅವನು ಸಿಗುವುದೇ ಇಲ್ಲ.